ಮಣ್ಣಿನ ಲೋಹ ಅನ್ನಕ್ಕೆ ಬರುವ ದಾರಿ

ಕೃಷಿ ಇಲಾಖೆ ಕೊಡುವ ಮಣ್ಣು ಆರೋಗ್ಯ ಚೀಟಿಯನ್ನು ಒಮ್ಮೆ ತೆಗೆದು ನೋಡಿ. 2015ರಲ್ಲಿ ಶುರುವಾದ ಈ ಯೋಜನೆಯಲ್ಲಿ 12 ಅಂಶಗಳನ್ನು ಅಳೆಯುತ್ತಾರೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಬೆಳೆಗೆ ಏನು ಕೊಡಬೇಕು ಎಂದು ಕೇಳುವ ರೈತನಿಗೆ ಇಷ್ಟು ಸಾಕು. ಆ ಬೆಳೆಯನ್ನು ಉಣ್ಣುವವರಿಗೆ ತಿಳಿಯಬೇಕಾದ ಐದು ಹೆಸರುಗಳು ಮಾತ್ರ ಅದರಲ್ಲಿ ಇಲ್ಲ: ಆರ್ಸೆನಿಕ್, ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ, ನಿಕಲ್. ಚೀಟಿಯಲ್ಲಿ ಎಲ್ಲವೂ ಸರಿಯಾಗಿದೆ ಎಂದು ಬಂದಿದ್ದರೂ ಈ ಐದರ ಬಗ್ಗೆ ಅದು ಏನನ್ನೂ ಹೇಳಿರುವುದಿಲ್ಲ. ಹಾಸನ ಸೀಮೆಯವರು ಇದನ್ನು ಗಮನಿಸಲೇಬೇಕಾದ ಕಾರಣ ಅವರ ಕಾಲ ಕೆಳಗಿನ ಕಲ್ಲಿನಲ್ಲೇ ಇದೆ.

ಹಾಸನದ ಹತ್ತಿರದ ಕೊರವಂಗಲದಲ್ಲಿ 1173ರಲ್ಲಿ ಕಟ್ಟಿದ ಬೂಚೇಶ್ವರ ದೇವಾಲಯವಿದೆ. ಹೊಯ್ಸಳರ ಶಿಲ್ಪಿಗಳು ಇಷ್ಟು ನಯವಾಗಿ ಕೆತ್ತಲು ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ಬಳಪದ ಕಲ್ಲು ಸಾಮಾನ್ಯವಾಗಿ ಹುಟ್ಟುವುದು ಭೂಮಿಯ ಆಳದಿಂದ ಬಂದ, ಮೆಗ್ನೀಸಿಯಂ ತುಂಬಿದ ಕಪ್ಪು ಹಸಿರು ಶಿಲೆ ಬಿಸಿಗೆ, ಒತ್ತಡಕ್ಕೆ, ನೀರಿಗೆ ಸಿಕ್ಕು ಮಾರ್ಪಟ್ಟಾಗ. ಅಂಥ ಮೂಲಶಿಲೆಯಲ್ಲಿ ಕ್ರೋಮಿಯಂ, ನಿಕಲ್, ಕೋಬಾಲ್ಟ್ ಸಹಜವಾಗಿಯೇ ಹೆಚ್ಚು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಶಿಲಾಪಟ್ಟಿ, ಅದರ ಪಶ್ಚಿಮಕ್ಕಿರುವ ಹೊಳೆನರಸೀಪುರ ಶಿಲಾಪಟ್ಟಿ ಎರಡರಲ್ಲೂ ಈ ಜಾತಿಯ ಕಲ್ಲಿದೆ. ಎರಡಕ್ಕೂ 300 ಕೋಟಿ ವರ್ಷಗಳಿಗಿಂತ ಹೆಚ್ಚು ವಯಸ್ಸು.

ನುಗ್ಗೇಹಳ್ಳಿಯ ಪಟ್ಟಿಯಲ್ಲಿ ಕ್ರೋಮೈಟ್ ಅದಿರು ಗಣಿಗೆ ಸಿಗುವಷ್ಟು ಗಟ್ಟಿಯಾಗಿ ಕೂತಿದೆ. ಬೈರಾಪುರ, ತಗಡೂರು, ಜಂಬೂರು ಸುತ್ತಮುತ್ತ ದಶಕಗಳ ಕಾಲ ಕ್ರೋಮೈಟ್ ತೆಗೆದದ್ದು ಈ ಕಾರಣಕ್ಕೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಗಣಿ ಪ್ರದೇಶದ ಮಣ್ಣನ್ನು ಪರೀಕ್ಷಿಸಿ 2013ರಲ್ಲಿ ಪ್ರಬಂಧ ಪ್ರಕಟಿಸಿದರು. ಅಲ್ಲಿನ ಮಣ್ಣಿನಲ್ಲಿ ಕ್ರೋಮಿಯಂ, ನಿಕಲ್, ಕೋಬಾಲ್ಟ್ ಹೆಚ್ಚಾಗಿರುವುದನ್ನು ಅವರು ದಾಖಲಿಸಿದ್ದಾರೆ. ಗಣಿಯಿಂದ ತೆಗೆದು ಹೊರಗೆ ಸುರಿದ ಕಲ್ಲುಮಣ್ಣಿನ ರಾಶಿ ಮಳೆಗಾಲದಲ್ಲಿ ಕೊಚ್ಚಿಕೊಂಡು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ, ಕೆರೆಯಿಂದ ಅಚ್ಚುಕಟ್ಟಿನ ಗದ್ದೆಗೆ ಇಳಿಯುತ್ತದೆ.

ಮಣ್ಣಿನಲ್ಲಿ ಲೋಹ ಇದ್ದ ಮಾತ್ರಕ್ಕೆ ಕಾಳಿನಲ್ಲೂ ಅಷ್ಟೇ ಇರುತ್ತದೆ ಎಂದು ಹೇಳಲು ಬರುವುದಿಲ್ಲ. ಮಣ್ಣಿಗೂ ಕಾಳಿಗೂ ನಡುವೆ ನೀರು, ಗೊಬ್ಬರ, ಮಣ್ಣಿನ ಹುಳಿ, ಬೆಳೆಯ ಬೇರು ಇವೆಲ್ಲ ನಿಂತಿವೆ. ಯಾವ ಲೋಹ ಯಾವ ಸ್ಥಿತಿಯಲ್ಲಿ ಬೇರಿಗೆ ಸಿಗುತ್ತದೆ ಎಂದು ತಿಳಿದುಕೊಂಡರೆ ಅದನ್ನು ದಾರಿಯಲ್ಲೇ ತಡೆಯುವ ಕೆಲಸ ಬಹುಮಟ್ಟಿಗೆ ರೈತರ ಮತ್ತು ಅಡುಗೆ ಮಾಡುವವರ ಕೈಯಲ್ಲೇ ಇದೆ. ಹೆದರಿ ಹೊಲ ಬಿಡುವುದೂ ಬೇಡ, ಏನೂ ಆಗಿಲ್ಲವೆಂದು ಕೂರುವುದೂ ಬೇಡ.

ನೀರು ನಿಂತ ಗದ್ದೆ, ಒಣಗಿದ ಹೊಲ

ಭತ್ತದ ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿನೊಳಗೆ ಗಾಳಿ ಇಲ್ಲವಾಗುತ್ತದೆ. ಆಗ ಕೆಂಪು ಮಣ್ಣಿನ ಕಬ್ಬಿಣದ ತುಕ್ಕಿಗೆ ಅಂಟಿಕೊಂಡಿದ್ದ ಆರ್ಸೆನಿಕ್ ಬಿಡುಗಡೆಯಾಗಿ ನೀರಿಗೆ ಬರುತ್ತದೆ. ಭತ್ತದ ಬೇರು ಮರಳಿನ ಅಂಶವಾದ ಸಿಲಿಕಾನನ್ನು ಹೀರಿಕೊಳ್ಳಲು ಇಟ್ಟುಕೊಂಡಿರುವ ಬಾಗಿಲಿನಿಂದಲೇ ಆರ್ಸೆನಿಕ್ ಕೂಡ ಒಳಗೆ ಹೋಗುತ್ತದೆ. ಜಗತ್ತಿನ ಧಾನ್ಯಗಳಲ್ಲಿ ಆರ್ಸೆನಿಕ್ಕಿಗೆ ಅಕ್ಕಿಯೇ ಹೆಚ್ಚು ಗುರಿಯಾಗಲು ಇದು ಕಾರಣ. ಗಾಳಿಯಾಡುವ ಮಣ್ಣಿನಲ್ಲಿ ಬೆಳೆಯುವ ರಾಗಿ, ಜೋಳ, ಗೋಧಿಗೆ ಈ ತೊಂದರೆ ಬಹಳ ಕಡಿಮೆ.

ಕ್ಯಾಡ್ಮಿಯಂ ಇದಕ್ಕೆ ಪೂರ್ತಿ ತಿರುವುಮುರುವು. ನೀರು ನಿಂತ ಗದ್ದೆಯಲ್ಲಿ ಅದು ಗಂಧಕದ ಜೊತೆ ಸೇರಿ ಗಟ್ಟಿಯಾಗಿ ಕೂತುಬಿಡುತ್ತದೆ. ನೀರು ಬತ್ತಿ ಗದ್ದೆ ಒಣಗಿದೊಡನೆ, ಅದರಲ್ಲೂ ಮಣ್ಣು ಹುಳಿಯಾಗಿದ್ದರೆ, ಕರಗಿ ಬೇರಿಗೆ ಸಿಗುತ್ತದೆ. ಹಾಗಾಗಿ ಕ್ಯಾಡ್ಮಿಯಂ ಇರುವ ಗದ್ದೆಯಲ್ಲಿ ತೆನೆ ಬಂದ ಮೇಲಿನ ಮೂರು ವಾರ ನೀರು ಒಣಗದಂತೆ ನೋಡಿಕೊಳ್ಳಬೇಕು. ಆರ್ಸೆನಿಕ್ ಇರುವ ಗದ್ದೆಯಲ್ಲಿ ಮಧ್ಯೆ ಮಧ್ಯೆ ನೀರನ್ನು ಹೊರಗೆ ಬಸಿದು ಒಣಗಿಸುವುದು ಒಳ್ಳೆಯದು. ಎರಡರಲ್ಲಿ ಯಾವುದಿದೆ ಎಂದು ಪರೀಕ್ಷೆ ಮಾಡಿಸದೆ ನೀರಿನ ಸಲಹೆ ಕೊಡುವವರನ್ನು ನಂಬಬಾರದು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ.

ಕ್ರೋಮಿಯಂನಲ್ಲಿ ಎರಡು ರೂಪಗಳಿವೆ. ಕ್ರೋಮೈಟ್ ಕಲ್ಲಿನಲ್ಲಿರುವುದು ಕ್ರೋಮಿಯಂ-3. ಅದು ನೀರಿನಲ್ಲಿ ಕರಗುವುದೇ ಕಷ್ಟ. ಮಣ್ಣಿನ ಮ್ಯಾಂಗನೀಸ್ ಆಕ್ಸೈಡಿನ ಸಹವಾಸದಲ್ಲಿ ಅದರ ಒಂದು ಪಾಲು ಕ್ರೋಮಿಯಂ-6 ಆಗಿ ಬದಲಾಗಬಲ್ಲದು. ಇದು ಸುಲಭವಾಗಿ ಕರಗುತ್ತದೆ, ಬಾವಿ ನೀರಿಗೆ ಇಳಿಯುತ್ತದೆ, ಕ್ಯಾನ್ಸರ್ ತರುವ ವಸ್ತುಗಳ ಸಾಲಿನಲ್ಲಿದೆ. ಸಮಾಧಾನದ ವಿಷಯವೆಂದರೆ ಭತ್ತವಾಗಲಿ ರಾಗಿಯಾಗಲಿ ಹೀರಿದ ಕ್ರೋಮಿಯಂನ ಬಹುಪಾಲನ್ನು ಬೇರಿನಲ್ಲೇ ತಡೆದಿಟ್ಟುಕೊಳ್ಳುತ್ತವೆ, ಕಾಳಿಗೆ ಹೋಗುವುದು ಸ್ವಲ್ಪವೇ. ನಿಕಲ್ ಹಾಗಲ್ಲ. ಅದು ಗಿಡದೊಳಗೆ ಸಲೀಸಾಗಿ ಓಡಾಡಿ ಬೀಜದವರೆಗೂ ಹೋಗುತ್ತದೆ. ನುಗ್ಗೇಹಳ್ಳಿ ಸುತ್ತಿನವರು ಪರೀಕ್ಷೆ ಮಾಡಿಸುವಾಗ ಕ್ರೋಮಿಯಂ ಒಂದನ್ನೇ ಬರೆಸಿ ನಿಕಲ್ ಬಿಟ್ಟುಬಿಟ್ಟರೆ ಅರ್ಧ ಕೆಲಸವಾದಂತೆ.

ಇನ್ನು ಹುಲ್ಲು. ಕಾಳಿಗಿಂತ ಹುಲ್ಲಿನಲ್ಲಿ ಲೋಹದ ಅಂಶ ಸಾಮಾನ್ಯವಾಗಿ ಹೆಚ್ಚು. ಆ ಹುಲ್ಲನ್ನು ದನ ತಿನ್ನುತ್ತದೆ, ಸಗಣಿ ತಿಪ್ಪೆಗೆ ಹೋಗುತ್ತದೆ, ತಿಪ್ಪೆ ಮತ್ತೆ ಅದೇ ಹೊಲಕ್ಕೆ ಬರುತ್ತದೆ. ಗಣಿ ರಾಶಿಯ ಕೆಳಗಿನ ಹೊಲದ ಹುಲ್ಲನ್ನೇ ವರ್ಷಪೂರ್ತಿ ಒಂದೇ ದನಕ್ಕೆ ಹಾಕದೆ ಬೇರೆ ಕಡೆಯ ಮೇವು ಬೆರೆಸುವುದು ಒಳ್ಳೆಯದು.

ದೇಹದಲ್ಲಿ ಏನಾಗುತ್ತದೆ

ಭಾರಲೋಹದ ಊಟ ತಿಂದವರಿಗೆ ಅಂದೇ ವಾಂತಿ ಭೇದಿ ಆಗುವುದಿಲ್ಲ. ಆಗಿದ್ದರೆ ಎಲ್ಲರೂ ಎಚ್ಚೆತ್ತುಕೊಳ್ಳುತ್ತಿದ್ದರು. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಶೇಖರವಾಗುತ್ತ ಹೋಗುತ್ತದೆ. ಒಳಗೆ ಸೇರಿದ್ದರಲ್ಲಿ ಅರ್ಧ ಹೊರಹೋಗಲು 10ರಿಂದ 30 ವರ್ಷ ಬೇಕು. ಮೂತ್ರಪಿಂಡದ ನಾಳಗಳು ಕೆಟ್ಟಾಗ ದೇಹಕ್ಕೆ ಬೇಕಾದ ರಂಜಕ, ಸುಣ್ಣದ ಅಂಶ ಮೂತ್ರದಲ್ಲಿ ಸೋರಿ ಮೂಳೆ ಮೆದುವಾಗುತ್ತದೆ.

ಇದರ ಕೊನೆಯ ಹಂತವನ್ನು ಜಪಾನಿನ ತೊಯಾಮಾ ಪ್ರಾಂತ್ಯದ ರೈತ ಮಹಿಳೆಯರು ಅನುಭವಿಸಿದರು. ಕಮಿಯೋಕಾ ಎಂಬಲ್ಲಿನ ಸತು ಮತ್ತು ಸೀಸದ ಗಣಿಯಿಂದ ಕ್ಯಾಡ್ಮಿಯಂ ಜಿಂಜು ನದಿಗೆ ಬಿತ್ತು, ನದಿಯ ನೀರು ಭತ್ತದ ಗದ್ದೆಗೆ ಹೋಯಿತು, ಆ ಗದ್ದೆಯವರು ತಮ್ಮದೇ ಅಕ್ಕಿಯನ್ನು ದಶಕಗಟ್ಟಲೆ ಉಂಡರು. ಕೆಮ್ಮಿದರೂ ಮೂಳೆ ಮುರಿಯುವ ಸ್ಥಿತಿಗೆ ಬಂದವರಲ್ಲಿ ಹೆಚ್ಚಿನವರು ಹಲವು ಮಕ್ಕಳನ್ನು ಹೆತ್ತ, ಮುಟ್ಟು ನಿಂತ ಹೆಂಗಸರು. 1968ರಲ್ಲಿ ಜಪಾನ್ ಸರ್ಕಾರ ಇತಾಯ್-ಇತಾಯ್ ಎಂಬ ಈ ಕಾಯಿಲೆಯನ್ನು ಮಾಲಿನ್ಯದಿಂದ ಬಂದದ್ದೆಂದು ಅಧಿಕೃತವಾಗಿ ಒಪ್ಪಿಕೊಂಡಿತು. ಹಾಳಾದ 860ಕ್ಕೂ ಹೆಚ್ಚು ಹೆಕ್ಟೇರ್ ಗದ್ದೆಗಳನ್ನು ಸರಿಪಡಿಸುವ ಕೆಲಸ ಮುಗಿದದ್ದು 2012ರಲ್ಲಿ, ಶುರುವಾದ ಮೂರು ದಶಕಗಳ ನಂತರ.

ಇದರಲ್ಲಿ ನಮಗೆ ಮುಖ್ಯವಾದ ಎರಡು ಸಂಗತಿಗಳಿವೆ. ಪೇಟೆಯಲ್ಲಿ ಅಕ್ಕಿ ಕೊಳ್ಳುವವರ ತಟ್ಟೆಗೆ ಹತ್ತಾರು ಊರುಗಳ ಅಕ್ಕಿ ಬರುತ್ತದೆ, ಒಂದು ಕಡೆಯದು ಕೆಟ್ಟಿದ್ದರೂ ಉಳಿದದ್ದು ಅದನ್ನು ತೆಳುವಾಗಿಸುತ್ತದೆ. ಸ್ವಂತ ಗದ್ದೆಯ ಅಕ್ಕಿ, ಸ್ವಂತ ಹೊಲದ ರಾಗಿಯನ್ನೇ ವರ್ಷವಿಡೀ ಉಣ್ಣುವ ಕುಟುಂಬಕ್ಕೆ ಆ ಅನುಕೂಲವಿಲ್ಲ. ಎರಡನೆಯದು ರಕ್ತಹೀನತೆ. ದೇಹದಲ್ಲಿ ಕಬ್ಬಿಣ ಕಡಿಮೆಯಾದಾಗ ಕರುಳು ಕಬ್ಬಿಣಕ್ಕಾಗಿ ತೆರೆದುಕೊಳ್ಳುವ ದಾರಿಯಲ್ಲೇ ಕ್ಯಾಡ್ಮಿಯಂ, ಸೀಸ ಎರಡೂ ನುಗ್ಗುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಒಂದೇ ಪಾತ್ರೆಯ ಅನ್ನ ಉಂಡರೂ ಗಂಡಸಿಗಿಂತ ಹೆಂಗಸಿನ ಮೈಗೆ ಹೆಚ್ಚು ಲೋಹ ಸೇರುವುದು ಹೀಗೆ. ಅಂಗನವಾಡಿಯಲ್ಲಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆ ನುಂಗದೆ ಬಿಸಾಡುವವರಿಗೆ ಇದನ್ನು ಹೇಳಲೇಬೇಕು.

ಆರ್ಸೆನಿಕ್ಕಿನ ಲಕ್ಷಣ ಚರ್ಮದಲ್ಲಿ ಮೊದಲು ಕಾಣುತ್ತದೆ. ಎದೆ, ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಕಪ್ಪು ಬಿಳಿ ಚುಕ್ಕೆ, ಅಂಗೈ ಅಂಗಾಲಿನಲ್ಲಿ ಗಂಟುಗಂಟಾದ ದಪ್ಪ ಚರ್ಮ. ನಮ್ಮ ರಾಜ್ಯದಲ್ಲೇ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿ ನೀರಿನ ಆರ್ಸೆನಿಕ್‌ನಿಂದ ಜನ ಇಂಥ ಕಾಯಿಲೆಗೆ ತುತ್ತಾದರು. ಮಂಗಳೂರು ಎಂಬ ಅಲ್ಲಿನ ಹಳೆಯ ಚಿನ್ನದ ಗಣಿ ಸೀಮೆಯ ಶಿಲಾಪಟ್ಟಿಯನ್ನು ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಜೊತೆಗಾರರು ಅಧ್ಯಯನ ಮಾಡಿ 2013ರಲ್ಲಿ ವರದಿ ಮಾಡಿದ್ದಾರೆ. ನುಗ್ಗೇಹಳ್ಳಿಯಲ್ಲಿ ಕ್ರೋಮಿಯಂ, ಸುರಪುರದಲ್ಲಿ ಆರ್ಸೆನಿಕ್. ಎರಡು ಕಡೆಯೂ ಹಳೆಯ ಶಿಲಾಪಟ್ಟಿ, ಎರಡು ಕಡೆಯೂ ಗಣಿ.

ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಇಷ್ಟು ಪ್ರಮಾಣ ಇದ್ದರೆ ತೊಂದರೆಯಿಲ್ಲ ಎಂಬ ಮಟ್ಟವೇ ಅದಕ್ಕೆ ಇಲ್ಲ. ನಿಕಲ್ ಊಟದಲ್ಲಿ ಬಂದರೆ ಅಲರ್ಜಿ ಇರುವವರಿಗೆ ಕೈ ಚರ್ಮದ ಕಜ್ಜಿ ಕೆರಳುತ್ತದೆ.

ಪಾದರಸದ ಕಥೆ ಬೇರೆ. ಅದು ಧಾನ್ಯಕ್ಕೆ ಮಣ್ಣಿನಿಂದ ಬರುವುದಕ್ಕಿಂತ ಬೀಜೋಪಚಾರದಿಂದ ಬಂದು ಮಾಡಿದ ಅನಾಹುತವೇ ದೊಡ್ಡದು. 1971-72ರಲ್ಲಿ ಇರಾಕಿನಲ್ಲಿ ಬಿತ್ತನೆಗೆಂದು ಪಾದರಸ ಲೇಪಿಸಿ ಕೊಟ್ಟ ಗೋಧಿಯನ್ನು ಹಳ್ಳಿಗರು ಬೀಸಿ ರೊಟ್ಟಿ ಮಾಡಿ ತಿಂದರು. 6,500ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಆಸ್ಪತ್ರೆಗಳಲ್ಲೇ 459 ಮಂದಿ ಸತ್ತರು. ನಮ್ಮಲ್ಲಿ ಆಲೂಗಡ್ಡೆ, ಕಬ್ಬಿನ ಬಿತ್ತನೆಗೆ ಬಳಸುತ್ತಿದ್ದ ಪಾದರಸದ ಔಷಧವನ್ನು ಕೇಂದ್ರ ಸರ್ಕಾರ 2018ರಲ್ಲಿ ನಿಷೇಧಿಸಿದೆ. ಹಳೆಯ ಪೊಟ್ಟಣ ಅಟ್ಟದ ಮೇಲೆ ಉಳಿದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ವಿಲೇವಾರಿ ಮಾಡಿ. ಬಣ್ಣ ಹಚ್ಚಿದ ಬಿತ್ತನೆ ಬೀಜ ಮಿಕ್ಕಿದರೆ ತೊಳೆದು ತಿನ್ನುವುದಾಗಲಿ ಕೋಳಿಗೆ ಹಾಕುವುದಾಗಲಿ ಯಾವ ಕಾರಣಕ್ಕೂ ಬೇಡ.

ಮಿತಿಯೊಳಗೆ ಎಂಬ ಮಾತು

ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಒಂದು ಕಿಲೋ ಪಾಲಿಶ್ ಅಕ್ಕಿಯಲ್ಲಿ ಕ್ಯಾಡ್ಮಿಯಂ 0.4 ಮಿ.ಗ್ರಾಂ, ಅಜೈವಿಕ ಆರ್ಸೆನಿಕ್ 0.2 ಮಿ.ಗ್ರಾಂ ಮೀರಬಾರದು. ತೌಡು ತೆಗೆಯದ ಅಕ್ಕಿಗೆ ಆರ್ಸೆನಿಕ್ ಮಿತಿ 0.35. ಗೋಧಿಗೆ ಕ್ಯಾಡ್ಮಿಯಂ 0.2, ರಾಗಿಯಂಥ ಇತರ ಧಾನ್ಯಕ್ಕೆ 0.1. ಧಾನ್ಯಗಳಲ್ಲಿ ಸೀಸ 0.2 ದಾಟಬಾರದು.

ಈಗ ಒಂದು ಲೆಕ್ಕ ಮಾಡಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ಜಂಟಿ ಸಮಿತಿ 2010ರಲ್ಲಿ ಹೇಳಿದಂತೆ ಒಬ್ಬ ಮನುಷ್ಯನಿಗೆ ದೇಹದ ತೂಕದ ಪ್ರತಿ ಕಿಲೋಗೆ ತಿಂಗಳಿಗೆ 25 ಮೈಕ್ರೋಗ್ರಾಂ ಕ್ಯಾಡ್ಮಿಯಂ ಸಹಿಸಬಹುದು. 60 ಕಿಲೋ ತೂಗುವವರಿಗೆ ಅದು ದಿನಕ್ಕೆ 50 ಮೈಕ್ರೋಗ್ರಾಂ ಆಯಿತು. ಮಿತಿಯ ತುದಿಯಲ್ಲಿರುವ, ಅಂದರೆ 0.4 ಮಿ.ಗ್ರಾಂ ಇರುವ ಅಕ್ಕಿಯನ್ನು ದಿನಕ್ಕೆ 300 ಗ್ರಾಂ ಉಂಡರೆ ಒಳಗೆ ಹೋಗುವುದು 120 ಮೈಕ್ರೋಗ್ರಾಂ. ಕಾನೂನಿಗೆ ಸರಿಯಾದ ಅಕ್ಕಿ, ಉಣ್ಣುವವರಿಗೆ ಎರಡು ಪಟ್ಟಿಗೂ ಮಿಕ್ಕಿದ ಹೊರೆ. ವಾರಕ್ಕೊಮ್ಮೆ ಅಕ್ಕಿ ತಿನ್ನುವವರಿಗೆ ಈ ಮಿತಿ ಸಾಕು. ಬೆಳಗ್ಗೆ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ ಉಣ್ಣುವ ಮನೆಗೆ ಸಾಲದು. ಲ್ಯಾಬ್ ವರದಿ ಕೈಗೆ ಬಂದಾಗ ‘ಮಿತಿಯೊಳಗೆ’ ಎಂಬ ಪದ ನೋಡಿ ಮಡಿಸಿಡಬೇಡಿ. ಅದರಲ್ಲಿರುವ ಸಂಖ್ಯೆಯನ್ನು ನಿಮ್ಮ ಮನೆಯ ಊಟದ ತೂಕದಿಂದ ಗುಣಿಸಿ ನೋಡಿ. ಅಕ್ಕಿಯಲ್ಲಿ 0.1 ಮಿ.ಗ್ರಾಂ ಇದ್ದರೆ ಅದೇ 300 ಗ್ರಾಮಿಗೆ 30 ಮೈಕ್ರೋಗ್ರಾಂ ಬರುತ್ತದೆ, ಉಳಿದ ತರಕಾರಿ ಬೇಳೆಗೂ ಜಾಗ ಉಳಿಯುತ್ತದೆ.

ಬೀಡಿ ಸಿಗರೇಟು ಸೇದುವವರು ಈ ಲೆಕ್ಕಕ್ಕೆ ಇನ್ನೊಂದಷ್ಟು ಸೇರಿಸಿಕೊಳ್ಳಬೇಕು. ತಂಬಾಕಿನ ಎಲೆ ಮಣ್ಣಿನ ಕ್ಯಾಡ್ಮಿಯಂ ಅನ್ನು ಬಾಚಿಕೊಳ್ಳುವ ಗಿಡ, ಹೊಗೆಯಲ್ಲಿ ಬಂದದ್ದು ಊಟದಲ್ಲಿ ಬಂದದ್ದಕ್ಕಿಂತ ಬಹಳ ಸಲೀಸಾಗಿ ರಕ್ತಕ್ಕೆ ಸೇರುತ್ತದೆ. ಸೇದುವವರ ಮೈಯಲ್ಲಿ ಕ್ಯಾಡ್ಮಿಯಂ ಸೇದದವರಿಗಿಂತ ಸುಮಾರು ಎರಡು ಪಟ್ಟು. ರಾಮನಾಥಪುರದ ಹರಾಜು ಕಟ್ಟೆಗೆ ತಂಬಾಕು ಕೊಂಡೊಯ್ಯುವ ಅರಕಲಗೂಡಿನ ರೈತರಿಗೆ ಇದರಲ್ಲಿ ಇನ್ನೊಂದು ಸೂಚನೆಯೂ ಇದೆ. ತಂಬಾಕಿನ ಕಡ್ಡಿ, ಹಾಳಾದ ಎಲೆಯನ್ನು ಮುಂದಿನ ರಾಗಿ ಬೆಳೆಗೆ ಗೊಬ್ಬರವಾಗಿ ಹಾಕುವ ಮೊದಲು ಆ ಹೊಲದ ಕ್ಯಾಡ್ಮಿಯಂ ಪರೀಕ್ಷೆ ಮಾಡಿಸಿ.

ಹೊಲ ಗದ್ದೆಯಲ್ಲಿ

ಎಲ್ಲಕ್ಕಿಂತ ಮೊದಲು ಹೊರಗಿನಿಂದ ಬರುವುದನ್ನು ತಡೆಯಬೇಕು, ಒಳಗೆ ಸೇರಿದ ಲೋಹವನ್ನು ಮಣ್ಣಿನಿಂದ ಹೊರತೆಗೆಯುವ ಸುಲಭ ದಾರಿ ಯಾವುದೂ ಇಲ್ಲ. ಗಣಿ ರಾಶಿಯ ಕೆಳಗೆ ಹೊಲವಿದ್ದರೆ ಮೇಲಿನ ಬದುವನ್ನು ಎತ್ತರಿಸಿ, ಹರಿದು ಬರುವ ನೀರು ಒಂದು ಗುಂಡಿಯಲ್ಲಿ ನಿಂತು ಮಣ್ಣು ತಳಕ್ಕೆ ಇಳಿದ ಮೇಲೆ ಮುಂದೆ ಹೋಗುವಂತೆ ಮಾಡಿ. ಗಣಿಯ ಕಲ್ಲುಪುಡಿಯನ್ನು ಹೊಲ ಮಟ್ಟ ಮಾಡಲು, ಕಣಕ್ಕೆ, ಮನೆಯ ಅಂಗಳಕ್ಕೆ ತರಬೇಡಿ.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ಹೊಡೆಯುವುದು ನಮ್ಮ ಹಳೆಯ, ಬುದ್ಧಿವಂತ ಪದ್ಧತಿ. ಅದನ್ನು ಬಿಡುವುದು ಬೇಡ. ಕೆರೆಗೆ ಎಲ್ಲಿಂದ ನೀರು ಬರುತ್ತದೆ ಎಂದು ನೋಡಿ ಗೋಡು ತರಬೇಕು. ಕಾಡು, ಹೊಲಗಳಿಂದ ಮಾತ್ರ ನೀರು ಬರುವ ಕೆರೆಯ ಗೋಡು ಚಿನ್ನ. ಗಣಿ ಪ್ರದೇಶದ ಹಳ್ಳ, ಪಟ್ಟಣದ ಚರಂಡಿ, ಕಾರ್ಖಾನೆಯ ನೀರು ಸೇರುವ ಕೆರೆಯ ಗೋಡಿನಲ್ಲಿ ವರ್ಷಗಳ ಲೋಹ ಕೂತಿರುತ್ತದೆ, ನೂರು ಟ್ರ್ಯಾಕ್ಟರ್ ಹೊಡೆಸುವ ಮೊದಲು ಒಂದು ಮಾದರಿ ಪರೀಕ್ಷೆ ಮಾಡಿಸುವ ಖರ್ಚು ಏನೇನೂ ಅಲ್ಲ. ಬೆಂಗಳೂರಿನ ಕೊಳಚೆ ವೃಷಭಾವತಿ ಹೊಳೆಯಲ್ಲಿ ಹರಿದು ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರಿದ್ದರಿಂದ ಅಲ್ಲಿನ ಅಚ್ಚುಕಟ್ಟಿನ ಮಣ್ಣು ಮತ್ತು ಬೆಳೆ ಎರಡಕ್ಕೂ ಲೋಹ ಸೇರಿದ್ದನ್ನು ಹಲವು ಅಧ್ಯಯನಗಳು ತೋರಿಸಿವೆ.

ನಗರ ಕಸದಿಂದ ಮಾಡಿದ ಕಾಂಪೋಸ್ಟ್ ಕೊಳ್ಳುವಾಗ ಚೀಲದ ಮೇಲಿನ ವಿವರ ಓದಿ. 1985ರ ರಸಗೊಬ್ಬರ ನಿಯಂತ್ರಣ ಆದೇಶದಡಿ ಅದರಲ್ಲಿ ಕಿಲೋಗೆ ಕ್ಯಾಡ್ಮಿಯಂ 5, ಆರ್ಸೆನಿಕ್ 10, ಕ್ರೋಮಿಯಂ 50, ನಿಕಲ್ 50, ಸೀಸ 100 ಮಿ.ಗ್ರಾಂ ಮೀರುವಂತಿಲ್ಲ. ಬಿಡಿಯಾಗಿ, ಬಿಲ್ಲಿಲ್ಲದೆ ಲಾರಿಯಲ್ಲಿ ತಂದು ಸುರಿಯುವವರ ಬಳಿ ಈ ಪರೀಕ್ಷೆಯ ಕಾಗದ ಕೇಳಿ, ಕೊಡದಿದ್ದರೆ ವಾಪಸ್ ಕಳಿಸಿ. ಸೂಪರ್ ಫಾಸ್ಫೇಟ್, ಡಿಎಪಿ ಎರಡೂ ಶಿಲಾರಂಜಕದಿಂದ ಬರುತ್ತವೆ, ಶಿಲಾರಂಜಕದಲ್ಲಿ ಕ್ಯಾಡ್ಮಿಯಂ ಸ್ವಲ್ಪ ಇದ್ದೇ ಇರುತ್ತದೆ. ಮಣ್ಣಿನ ಚೀಟಿಯಲ್ಲಿ ರಂಜಕ ‘ಹೆಚ್ಚು’ ಎಂದು ಬಂದ ಮೇಲೂ ಅಭ್ಯಾಸಬಲದಿಂದ ಡಿಎಪಿ ಹಾಕುವುದು ದುಡ್ಡಿಗೂ ನಷ್ಟ, ಮಣ್ಣಿಗೂ ನಷ್ಟ.

ಅದೇ ಚೀಟಿಯಲ್ಲಿ ಸತುವಿನ ಸಾಲನ್ನೂ ನೋಡಿ. ಸತು ಮತ್ತು ಕ್ಯಾಡ್ಮಿಯಂ ಬೇರಿನ ಬಾಗಿಲಲ್ಲಿ ಪೈಪೋಟಿ ಮಾಡುತ್ತವೆ. ಸತು ಕಡಿಮೆ ಇರುವ ಮಣ್ಣಿನಲ್ಲಿ ಗಿಡ ಕ್ಯಾಡ್ಮಿಯಂ ಅನ್ನು ಹೆಚ್ಚು ಎಳೆದುಕೊಳ್ಳುತ್ತದೆ, ಕೊರತೆ ಇದ್ದಲ್ಲಿ ಶಿಫಾರಸಿನಷ್ಟು ಸತುವಿನ ಸಲ್ಫೇಟ್ ಕೊಟ್ಟರೆ ಇಳುವರಿಯ ಜೊತೆಗೆ ಈ ರಕ್ಷಣೆಯೂ ಸಿಗುತ್ತದೆ. ಅಗ್ಗದ ಕಲಬೆರಕೆ ಸತುವಿನ ಸಲ್ಫೇಟಿನಲ್ಲಿ ಸೀಸ, ಕ್ಯಾಡ್ಮಿಯಂ ಸೇರಿರಬಹುದಾದ್ದರಿಂದ ಬಿಲ್ ಸಮೇತ ಅಧಿಕೃತ ಅಂಗಡಿಯಲ್ಲೇ ಕೊಳ್ಳಿ.

ಸುಣ್ಣದ ವಿಷಯದಲ್ಲಿ ಎಲ್ಲರಿಗೂ ಒಂದೇ ಸಲಹೆ ಕೊಡಲಾಗದು. ಹೆಚ್ಚು ಮಳೆ ಬೀಳುವ ಆಲೂರು, ಸಕಲೇಶಪುರದ ಕಡೆಯ ಹುಳಿ ಮಣ್ಣಿಗೆ ಸುಣ್ಣ ಹಾಕಿದರೆ ಕ್ಯಾಡ್ಮಿಯಂ, ಸೀಸ, ನಿಕಲ್ ಮೂರೂ ಬೇರಿಗೆ ಸಿಗದೆ ಗಟ್ಟಿಯಾಗುತ್ತವೆ. ಕ್ರೋಮಿಯಂ-6 ಮತ್ತು ಆರ್ಸೆನಿಕ್ ಹಾಗಲ್ಲ, ರಸಸಾರ ಏರಿದಷ್ಟೂ ಅವು ನೀರಿನಲ್ಲಿ ಹೆಚ್ಚು ಓಡಾಡುತ್ತವೆ. ಆದ್ದರಿಂದ ಚನ್ನರಾಯಪಟ್ಟಣದ ಗಣಿ ಸೀಮೆಯಲ್ಲಿ ಸುಣ್ಣಕ್ಕೆ ಕೈ ಹಾಕುವ ಮೊದಲು ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ, ಹೊಂಗೆ ಸೊಪ್ಪು ಧಾರಾಳವಾಗಿ ಕೊಡಿ. ಕೊಳೆಯುವ ಸಾವಯವ ವಸ್ತು ಅಪಾಯಕಾರಿ ಕ್ರೋಮಿಯಂ-6 ಅನ್ನು ಮತ್ತೆ ಕರಗದ ಕ್ರೋಮಿಯಂ-3ಕ್ಕೆ ಇಳಿಸುತ್ತದೆ. ಆರ್ಸೆನಿಕ್ ಕಂಡುಬಂದ ಭತ್ತದ ಗದ್ದೆಗೆ ಉಮಿ ಅಥವಾ ಉಮಿ ಬೂದಿ ಒಳ್ಳೆಯದು, ಅದರ ಸಿಲಿಕಾನ್ ಬೇರಿನಲ್ಲಿ ಆರ್ಸೆನಿಕ್ಕಿನ ಜಾಗವನ್ನು ಹಿಡಿಯುತ್ತದೆ. ಅಕ್ಕಿ ಗಿರಣಿಯ ಹಿಂದೆ ರಾಶಿ ಬಿದ್ದಿರುವ ಉಮಿಗೆ ಇಷ್ಟು ಬೆಲೆ ಇದೆ. ಆದರೆ ಗಿರಣಿಗೆ ಬರುವ ಭತ್ತ ಎಲ್ಲಿಯದು ಎಂದು ವಿಚಾರಿಸಿ ತನ್ನಿ.

ಅಡುಗೆಮನೆಯಲ್ಲಿ

ಅನ್ನ ಬಸಿಯುವ ಪದ್ಧತಿ ಕುಕ್ಕರ್ ಬಂದ ಮೇಲೆ ನಮ್ಮ ಮನೆಗಳಿಂದ ಬಹುತೇಕ ಹೋಗಿದೆ. ಒಂದು ಪಾಲು ಅಕ್ಕಿಗೆ ಆರು ಪಾಲು ನೀರಿಟ್ಟು ಬೇಯಿಸಿ ಗಂಜಿ ಬಸಿದರೆ ಅಕ್ಕಿಯ ಅಜೈವಿಕ ಆರ್ಸೆನಿಕ್ಕಿನಲ್ಲಿ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಹೊರಹೋಗುತ್ತದೆ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಮನೋಜ್ ಮೆನನ್ ಮತ್ತು ತಂಡ 2020ರಲ್ಲಿ ಇನ್ನೊಂದು ವಿಧಾನವನ್ನು ಪರೀಕ್ಷಿಸಿತು. ಕುದಿಯುವ ನೀರಿಗೆ ಅಕ್ಕಿ ಹಾಕಿ 5 ನಿಮಿಷ ಬಿಟ್ಟು ಆ ನೀರನ್ನು ಪೂರ್ತಿ ಬಸಿದು, ಹೊಸ ನೀರು ಹಾಕಿ ಸಣ್ಣ ಉರಿಯಲ್ಲಿ ಇಂಗುವವರೆಗೆ ಬೇಯಿಸುವುದು. ಬಿಳಿ ಅಕ್ಕಿಯ ಅಜೈವಿಕ ಆರ್ಸೆನಿಕ್ ಶೇ. 73ರಷ್ಟು, ಕಂದು ಅಕ್ಕಿಯದು ಶೇ. 54ರಷ್ಟು ಕಡಿಮೆಯಾಯಿತು. ಕುಕ್ಕರ್ ಇಡುವವರೂ ಮೊದಲ 5 ನಿಮಿಷ ತೆರೆದ ಪಾತ್ರೆಯಲ್ಲಿ ಕುದಿಸಿ ಬಸಿದು ಆಮೇಲೆ ಕುಕ್ಕರಿಗೆ ಹಾಕಬಹುದು. ಬಸಿದ ಗಂಜಿಯಲ್ಲಿ ಬಿ ಗುಂಪಿನ ಜೀವಸತ್ವವೂ ಹೋಗುತ್ತದೆ, ಹಾಗಾಗಿ ಆರ್ಸೆನಿಕ್ ಇದೆಯೆಂದು ಗೊತ್ತಾದ ಅಕ್ಕಿಗೆ ಇದನ್ನು ಖಾಯಂ ಮಾಡಿ, ಆ ಗಂಜಿಯನ್ನು ಕುಡಿಯಬೇಡಿ, ದನಕ್ಕೂ ಇಡಬೇಡಿ. ಉಳಿದವರು ಗಂಜಿ ಕುಡಿಯುವುದಕ್ಕೆ ಏನೂ ಅಡ್ಡಿಯಿಲ್ಲ. ಕ್ಯಾಡ್ಮಿಯಂ ಕಾಳಿನ ಒಳಗಿನ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಬಸಿದರೆ ಅಷ್ಟಾಗಿ ಹೋಗುವುದಿಲ್ಲ, ಅದನ್ನು ಗದ್ದೆಯಲ್ಲೇ ತಡೆಯಬೇಕು.

ಅಡುಗೆಯ ನೀರೇ ಕೆಟ್ಟಿದ್ದರೆ ಇದೆಲ್ಲ ವ್ಯರ್ಥ. ಕರಗಿದ ಲೋಹಕ್ಕೆ ರುಚಿ ವಾಸನೆ ಇರುವುದಿಲ್ಲ, ಕುದಿಸಿದರೆ ನೀರು ಆವಿಯಾಗಿ ಲೋಹ ಇನ್ನಷ್ಟು ದಟ್ಟವಾಗುತ್ತದೆ. ಭಾರತೀಯ ಮಾನದಂಡದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಕ್ರೋಮಿಯಂ 0.05, ನಿಕಲ್ 0.02, ಆರ್ಸೆನಿಕ್ 0.01, ಸೀಸ 0.01, ಕ್ಯಾಡ್ಮಿಯಂ 0.003 ಮಿ.ಗ್ರಾಂ ಒಳಗಿರಬೇಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ಪೊರೆಯನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದರೆ ಅದು ಈ ಲೋಹಗಳ ಬಹುಪಾಲನ್ನು ತಡೆಯುತ್ತದೆ. ನಾವು ಆ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಂಡು ಅನ್ನಕ್ಕೆ ಬೋರ್‌ವೆಲ್ ನೀರು ಹಾಕುತ್ತೇವೆ. ಗಣಿ ಸೀಮೆಯವರು ಅನ್ನ, ಮುದ್ದೆ, ಸಾರಿಗೂ ಅದನ್ನೇ ಬಳಸಬೇಕು, ಘಟಕದಿಂದ ಹೊರಬರುವ ತ್ಯಾಜ್ಯ ನೀರನ್ನು ತರಕಾರಿ ಗಿಡಕ್ಕೆ ಬಿಡಬಾರದು.

ಹೊಳೆನರಸೀಪುರ, ಅರಕಲಗೂಡು ಸೀಮೆಯ ರಾಜಮುಡಿಯ ಕೆಂಪು ಪದರ ಉಳಿಸಿ ಉಣ್ಣುವವರಿಗೆ ಒಂದು ಮಾತು. ಆರ್ಸೆನಿಕ್ ಇರುವ ಅಕ್ಕಿಯಲ್ಲಿ ಅದು ತೌಡಿನ ಪದರದಲ್ಲೇ ಹೆಚ್ಚು ಎಂಬುದು ನಿಜ. ಅದೇ ಪದರದಲ್ಲಿ ನಾರು, ಖನಿಜ, ಜೀವಸತ್ವಗಳೂ ಇವೆ. ಗದ್ದೆಯ ನೀರು, ಮಣ್ಣು, ಅಕ್ಕಿ ಪರೀಕ್ಷೆಯಲ್ಲಿ ಶುದ್ಧವೆಂದು ಬಂದರೆ ರಾಜಮುಡಿಯನ್ನು ನಿಶ್ಚಿಂತೆಯಿಂದ ಉಣ್ಣಿ.

ರಾಗಿ ಈ ವಿಷಯದಲ್ಲಿ ನಮಗಿರುವ ದೊಡ್ಡ ಆಸರೆ. 100 ಗ್ರಾಂ ರಾಗಿಯಲ್ಲಿ 350 ಮಿ.ಗ್ರಾಂ ಆಸುಪಾಸಿನ ಕ್ಯಾಲ್ಸಿಯಂ ಇದೆ, ಕ್ಯಾಲ್ಸಿಯಂ ಸಾಕಷ್ಟು ಇರುವ ಊಟದಲ್ಲಿ ಕರುಳು ಸೀಸ, ಕ್ಯಾಡ್ಮಿಯಂ ಎರಡನ್ನೂ ಕಡಿಮೆ ಹೀರುತ್ತದೆ. ಹಾಗೆಂದು ಗಣಿ ರಾಶಿಯ ಕೆಳಗೆ ಬೆಳೆದ ರಾಗಿಗೆ ನಿಕಲ್ ಸೇರುವುದಿಲ್ಲ ಎನ್ನಲಾಗದು. ಒಂದು ಹೊತ್ತು ಮುದ್ದೆ, ಒಂದು ಹೊತ್ತು ಅನ್ನ, ಆಗಾಗ ಜೋಳ ಅಥವಾ ಗೋಧಿ ಹೀಗೆ ಬದಲಿಸುತ್ತಿದ್ದರೆ ಯಾವುದೇ ಒಂದು ಲೋಹ ಮೈಯಲ್ಲಿ ಗುಡ್ಡೆ ಹಾಕಿಕೊಳ್ಳುವುದು ಕಡಿಮೆಯಾಗುತ್ತದೆ. ಮುದ್ದೆಯ ಜೊತೆ ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ ಟೀ ಕುಡಿಯುವುದನ್ನು ಒಂದು ಗಂಟೆ ಮುಂದಕ್ಕೆ ಹಾಕಿ. ಆರು ತಿಂಗಳು ತುಂಬಿದ ಮಗುವಿಗೆ ಬರೀ ಅಕ್ಕಿ ಹಿಟ್ಟಿನ ಗಂಜಿ ಕೊಡದೆ ಮೊಳಕೆ ಕಟ್ಟಿದ ರಾಗಿಯ ಸರಿ, ಬೇಳೆ ಸೇರಿಸಿ ಕೊಡಿ. ತೂಕಕ್ಕೆ ಹೋಲಿಸಿದರೆ ಮಗು ದೊಡ್ಡವರಿಗಿಂತ ಹೆಚ್ಚು ಉಣ್ಣುವುದರಿಂದ ಅಕ್ಕಿಯ ಲೋಹ ಅದಕ್ಕೆ ಹೆಚ್ಚು ತಾಗುತ್ತದೆ.

ಪರೀಕ್ಷೆಗೆ ಕೊಡುವಾಗ

ಒಬ್ಬರೇ ಮಾಡಿಸಿದರೆ ದುಬಾರಿ. ಒಂದೇ ಕೆರೆಯ ಅಚ್ಚುಕಟ್ಟಿನ ಐದಾರು ಮನೆಯವರು ಸೇರಿ ನೀರು, ಮಣ್ಣು, ಕಾಳು ಮೂರನ್ನೂ ಕೊಟ್ಟರೆ ಖರ್ಚು ಹಂಚಿಹೋಗುತ್ತದೆ, ಇಡೀ ಅಚ್ಚುಕಟ್ಟಿನ ಚಿತ್ರವೂ ಸಿಗುತ್ತದೆ. ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದವರನ್ನೂ ಕಾರೆಕೆರೆಯ ಕೃಷಿ ಕಾಲೇಜಿನವರನ್ನೂ ಮೊದಲು ಭೇಟಿ ಮಾಡಿ ಯಾವ ಮಾದರಿ ಎಲ್ಲಿಗೆ ಕಳಿಸಬೇಕೆಂದು ಕೇಳಿ. ಧಾನ್ಯಕ್ಕೆ ಮೈಸೂರಿನ ಸಿಎಫ್‌ಟಿಆರ್‌ಐ ಇದೆ. ಖಾಸಗಿ ಲ್ಯಾಬ್ ಆದರೆ ಎನ್‌ಎಬಿಎಲ್ ಮಾನ್ಯತೆ ಈ ಲೋಹಗಳ ಪರೀಕ್ಷೆಗೇ ಇದೆಯೇ ಎಂದು ನೋಡಿಕೊಳ್ಳಿ.

ಮಣ್ಣು ತೆಗೆಯಲು ಸ್ಟೀಲ್ ಸಲಿಕೆ ಬೇಡ. ಸ್ಟೀಲಿನಲ್ಲೇ ಕ್ರೋಮಿಯಂ, ನಿಕಲ್ ಇರುವುದರಿಂದ ಲೆಕ್ಕ ತಪ್ಪುತ್ತದೆ. ಪ್ಲಾಸ್ಟಿಕ್ ಕೈಸಲಿಕೆ ಅಥವಾ ಬಿದಿರಿನ ಕತ್ತಿಯಿಂದ ಹೊಲದಲ್ಲಿ ಅಡ್ಡಾದಿಡ್ಡಿ ನಡೆದು 10-15 ಕಡೆ ಒಂದು ಗೇಣಿಗಿಂತ ತುಸು ಕಡಿಮೆ, ಸುಮಾರು 15 ಸೆಂ.ಮೀ. ಆಳದವರೆಗೆ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕೊಡಿ. ಬದು, ತಿಪ್ಪೆಗುಂಡಿ, ಮರದ ಬುಡ, ರಸ್ತೆಯ ಅಂಚು ಬಿಟ್ಟುಬಿಡಿ. ಗೊಬ್ಬರದ ಹಳೆಯ ಚೀಲದಲ್ಲಿ ತುಂಬಬೇಡಿ. ಬೋರ್‌ವೆಲ್ ನೀರಿಗೆ ಮೋಟಾರು ಹತ್ತು ನಿಮಿಷ ಓಡಿಸಿದ ಮೇಲೆ ಲ್ಯಾಬಿನವರೇ ಕೊಟ್ಟ ಬಾಟಲಿ ಹಿಡಿಯಿರಿ. ಕಾಳನ್ನು ಒಂದೇ ಮೂಟೆಯಿಂದ ತೆಗೆಯದೆ ಹಲವು ಮೂಟೆಗಳಿಂದ ಹಿಡಿಹಿಡಿ ತೆಗೆದು ಸೇರಿಸಿ, ಅಕ್ಕಿ ಮಾಡಿಸಿದ ಮೇಲಿನ ಮಾದರಿ ಕೊಡಿ. ಊಟಕ್ಕೆ ಬರುವುದು ಅದೇ. ಅರ್ಜಿಯಲ್ಲಿ ‘ಹೆವಿ ಮೆಟಲ್’ ಎಂದಷ್ಟೇ ಬರೆಯದೆ ಆರ್ಸೆನಿಕ್, ಕ್ಯಾಡ್ಮಿಯಂ, ಸೀಸ, ನಿಕಲ್, ಒಟ್ಟು ಕ್ರೋಮಿಯಂ ಎಂದು ಬಿಡಿಸಿ ಬರೆಯಿರಿ. ನೀರಿಗೆ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂ-6), ಅಕ್ಕಿಗೆ ಅಜೈವಿಕ ಆರ್ಸೆನಿಕ್ ಎಂದು ಪ್ರತ್ಯೇಕವಾಗಿ ಸೇರಿಸಿ.

ಮನೆಯಲ್ಲಿ ಯಾರಿಗಾದರೂ ಕಾರಣ ತಿಳಿಯದ ಮೂತ್ರಪಿಂಡದ ತೊಂದರೆ, ಮೂಳೆ ನೋವು, ಅಂಗೈ ಅಂಗಾಲಿನ ಗಂಟು ಇದ್ದರೆ ವೈದ್ಯರಿಗೆ ಊರಿನ ಮಣ್ಣು, ನೀರಿನ ವಿಷಯವನ್ನು ತಾವಾಗಿಯೇ ಹೇಳಿ. ಕ್ಯಾಡ್ಮಿಯಂನ ಹಾನಿ ಕ್ರಿಯಾಟಿನಿನ್ ಪರೀಕ್ಷೆಯಲ್ಲಿ ಶುರುವಿನಲ್ಲಿ ಕಾಣುವುದಿಲ್ಲ. ಮೂತ್ರದ ಕ್ಯಾಡ್ಮಿಯಂ ಮತ್ತು ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ. ಲೋಹ ಹೊರಹಾಕುತ್ತದೆಂದು ಮಾರುವ ಪುಡಿ, ಕಷಾಯಗಳಿಗೆ ದುಡ್ಡು ಕಳೆಯಬೇಡಿ. ದೇಹದಿಂದ ಲೋಹ ತೆಗೆಯುವ ಔಷಧಗಳಿವೆ, ಅವನ್ನು ಆಸ್ಪತ್ರೆಯಲ್ಲಿ ತಜ್ಞರ ಕಣ್ಣಿನ ಕೆಳಗೆ ಮಾತ್ರ ಕೊಡುತ್ತಾರೆ, ಎಲ್ಲ ಲೋಹಕ್ಕೂ ಎಲ್ಲರಿಗೂ ಅವು ಹೊಂದುವುದಿಲ್ಲ. ಪರೀಕ್ಷೆಯ ವರದಿಗಳ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಮುಂದಿನ ಬೇಸಿಗೆಯಲ್ಲಿ ಆ ಕೆರೆಯ ಹೂಳೆತ್ತುವ ಕಾಮಗಾರಿಗೆ ಪಟ್ಟಿ ಮಾಡುವಾಗ ಗೋಡನ್ನು ಎಲ್ಲಿ ಸುರಿಯಬೇಕು ಎಂಬ ಚರ್ಚೆಗೆ ಅದು ಕೈಯಲ್ಲಿರಬೇಕು.